ಎರಡನೆಯ ಕ್ರೇನ್ ಲಾರಿ

(ಟೂಂಗಾಬಿಯಲ್ಲಿ ಸೇರಿದ್ದ ಕೂಟದ ಸಭೆಯಲ್ಲಿ ಮಾಡಿದ ಅತಿಥಿ ಭಾಷಣದ ಪಠ್ಯ)



ಈ ವೇದಿಕೆಯಲ್ಲಿ ತಾವು ಸಾಹಿತ್ಯ, ಸಂಗೀತ, ಅಧ್ಯಾತ್ಮಗಳನ್ನು ಕುರಿತ ವಿದ್ವಾಂಸರ ಮಾತುಗಳನ್ನು ಆಲಿಸುತ್ತ ಬಂದಿದ್ದೀರಿ. ಇಂದು ಲಾರಿಯವನೊಬ್ಬನನ್ನು ಕರೆದು ನಿಲ್ಲಿಸಿದ್ದೀರಿ. ಸ್ವಂತ ಉದ್ಯೋಗ ಕೈಗೊಳ್ಳಬಯಸುವ ತರುಣರಿಗೆ ಅನುಭವದ ನಾಲ್ಕು ಮಾತು ಹೇಳಬೇಕೆಂಬುದು ಕಾರ್ಯದರ್ಶಿಗಳ ಒತ್ತಾಯ. ಇಲ್ಲಿಯವರು ಟ್ರಕ್ ಎನ್ನುವುದನ್ನು ನಾನು ಇಂದಿಗೂ ಲಾರಿ ಎಂದೇ ಕರೆಯುತ್ತೇನೆ; ಮನ್ನಿಸಬೇಕು.

ನಾವು ಕುಳಿತಿರುವ ಈ ಟೂಂಗಾಬಿಯಲ್ಲಿ 1791ರಲ್ಲಿ ಸರ್ಕಾರಿ ಬೇಸಾಯದ ಜಮೀನು ಆರಂಭವಾಯಿತು. ಡಾರುಗ್ ಜನರ ನೆಲದ ಕಾಡನ್ನು ಕಡಿದು ಸಾಗುವಳಿಗೆ ತಂದವರು ಬ್ರಿಟನ್ನಿನಿಂದ ಗಡೀಪಾರಾಗಿ ಬಂದ ಕೈದಿಗಳು. ಭಾರ ಎತ್ತಲು ಅವರಿಗಿದ್ದುದು ಮೈಬಲವೊಂದೇ. 1944ರಲ್ಲಿ ಸ್ವೀಡನ್ನಿನ ಹುಡಿಕ್ಸ್‌ವಾಲ್ ಊರಿನಲ್ಲಿ, ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳನ್ನು ತಯಾರಿಸುತ್ತಿದ್ದ ಎರಿಕ್ ಸುಂದಿನ್ ಎಂಬಾತ ಲಾರಿಯ ಎಂಜಿನ್ನಿನ ಶಕ್ತಿಯಿಂದಲೇ ಸರಕು ಎತ್ತುವ ಹಂಚಿಕೆ ಹೂಡಿ, ಹಿಯಾಬ್ ಎಂಬ ಸಂಸ್ಥೆಯನ್ನು ಕಟ್ಟಿದನು. ಇಂದು ಇಲ್ಲಿ ಯಾವ ಕಂಪನಿಯ ಕ್ರೇನ್ ಲಾರಿಯನ್ನಾದರೂ ಜನ ಹಿಯಾಬ್ ಎಂದೇ ಕರೆಯುವುದುಂಟು. ಇಟ್ಟಿಗೆಯ ಅಟ್ಟಿ, ಉಕ್ಕಿನ ತೊಲೆ, ಹವಾನಿಯಂತ್ರಣದ ಪೆಟ್ಟಿಗೆ ಇವನ್ನು ಹೊತ್ತೊಯ್ದು ತಾನೇ ಇಳಿಸುವ ಇಂಥದೊಂದು ಲಾರಿಯೇ ನನ್ನ ಅನ್ನದ ಮೂಲ.

ಮೊದಲ ಲಾರಿಯ ಸಾಲ ತೀರಿದ ವರ್ಷ ಎರಡನೆಯದರ ಆಸೆ ಹುಟ್ಟಿತು. ದಿನವೂ ದೂರವಾಣಿಯಲ್ಲಿ ಬರುತ್ತಿದ್ದ ಕೆಲಸಗಳನ್ನು 'ಬಿಡುವಿಲ್ಲ' ಎಂದು ಕೈಬಿಡಬೇಕಾಗುತ್ತಿತ್ತು. ಒಂದು ಲಾರಿಗೆ ಇಷ್ಟು ಬಂದರೆ ಎರಡಕ್ಕೆ ಇಮ್ಮಡಿ ಎಂಬುದು ನನ್ನ ಲೆಕ್ಕ. ಮನೆಯ ಲೆಕ್ಕಪತ್ರ ನೋಡಿಕೊಳ್ಳುವ ನನ್ನ ಶ್ರೀಮತಿ ಎರಡೇ ಮಾತು ಹೇಳಿದಳು: "ಕೈಬಿಟ್ಟ ಕೆಲಸಗಳನ್ನು ಮೂರು ತಿಂಗಳು ಬರೆದಿಡಿ. ಆಮೇಲೆ, ಆ ಲಾರಿಯನ್ನು ಓಡಿಸುವವರು ಯಾರು ಅನ್ನುವುದನ್ನೂ ಹೇಳಿ."

ಬರೆದಿಟ್ಟೆ. ಕೈಬಿಟ್ಟ ಕೆಲಸಗಳಲ್ಲಿ ಮುಕ್ಕಾಲು ಪಾಲು ಬೆಳಗಿನ ಏಳರಿಂದ ಹತ್ತು ಗಂಟೆಯೊಳಗಿನವು! ಮನೆ ಕಟ್ಟುವವರಿಗೆಲ್ಲ ಸರಕು ಬೆಳಗ್ಗೆಯೇ ಬೇಕು. ಹಾಗಾದರೆ ಎರಡನೆಯ ಲಾರಿ ಮಧ್ಯಾಹ್ನವೆಲ್ಲ ಅಂಗಳದಲ್ಲಿ ನಿಲ್ಲುತ್ತದೆ. ಕಂತು, ವಿಮೆ, ನೋಂದಣಿ, ಚಾಲಕನ ಸಂಬಳ ಇವು ಮಾತ್ರ ನಿಲ್ಲುವುದಿಲ್ಲ. ಆದಕಾರಣ ಮಧ್ಯಾಹ್ನದ ಕೆಲಸವನ್ನು ಮೊದಲು ಗೊತ್ತುಮಾಡಿಕೊಂಡು, ಬಳಿಕ ಲಾರಿ ಹುಡುಕಲು ಹೊರಟೆ.

ಇನ್ನು ಚಾಲಕನ ವಿಷಯ. ಕ್ರೇನಿನ ಶಕ್ತಿಯನ್ನು ಮೀಟರ್-ಟನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ತುಂಬಿದ ಕೊಡವನ್ನು ಸೊಂಟದ ಮೇಲೆ ಹೊರುವುದು ಸುಲಭ. ತೋಳು ಚಾಚಿ ಹಿಡಿಯುವುದು ಕಷ್ಟ. ಹಾಗೆಯೇ ಹತ್ತು ಮೀಟರ್-ಟನ್ನಿನ ಕ್ರೇನು ಎರಡು ಮೀಟರ್ ದೂರದಲ್ಲಿ ಸುಮಾರು ಐದು ಟನ್ ಎತ್ತಿದರೆ, ಹತ್ತು ಮೀಟರ್ ದೂರದಲ್ಲಿ ಒಂದು ಟನ್ನನ್ನೂ ಎತ್ತಲಾರದು. ತನ್ನ ತೋಳಿನ ಭಾರವನ್ನೂ ಅದು ಹೊರಬೇಕಲ್ಲವೆ? ಹತ್ತು ಮೀಟರ್-ಟನ್ ಮತ್ತು ಅದಕ್ಕೆ ಮೇಲ್ಪಟ್ಟ ಕ್ರೇನನ್ನು ನಡೆಸುವವನಿಗೆ ಲಾರಿಯ ಲೈಸೆನ್ಸಿನ ಜೊತೆಗೆ ಸಿ.ವಿ. ವರ್ಗದ ಅಪಾಯಕಾರಿ ಕೆಲಸದ ಪರವಾನಗಿ ಇರಬೇಕು. ಅದನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕಿಂತ ಚಿಕ್ಕದಕ್ಕೆ ಈ ಪರವಾನಗಿ ಬೇಡವಾದರೂ ತರಬೇತಿ ಬೇಕೇ ಬೇಕು. ಸ್ನೇಹಿತರೊಬ್ಬರ ಮಗ ಈ ಪರವಾನಗಿ ಪಡೆದಿದ್ದ. ಅವನ ಮನೆಯಲ್ಲಿ ಆಗ ಮೂರು ತಿಂಗಳ ಕೂಸು.

ಮೆಲ್ಬರ್ನಿನಲ್ಲಿ ಒಂದು ಲಾರಿ ಮಾರಾಟಕ್ಕಿರುವ ಸುದ್ದಿ ಬಂತು. ಹೊಸ ಬಣ್ಣ, ಕಡಿಮೆ ಕಿಲೋಮೀಟರ್, ನನ್ನ ಕೈಗೆಟಕುವ ಬೆಲೆ. ಹ್ಯೂಮ್ ಹೆದ್ದಾರಿಯಲ್ಲಿ ಒಂಬೈನೂರು ಕಿಲೋಮೀಟರಿನಷ್ಟು ದೂರ ಹೋಗಿ ನೋಡಿದೆ. ಅಲ್ಲಿ ಕಲಿತದ್ದನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದು, ಕ್ರೇನ್ ಲಾರಿ ಒಂದು ಯಂತ್ರವಲ್ಲ, ಎರಡು. ಲಾರಿಗೊಂದು ಫಲಕ, ಕ್ರೇನಿಗೊಂದು ಫಲಕ. ಎರಡರ ವಯಸ್ಸೂ ಬೇರೆ ಇರಬಹುದು. ನಾನು ನೋಡಿದ ಕ್ರೇನು ಅದನ್ನು ಹೊತ್ತ ಲಾರಿಗಿಂತ ನಾಲ್ಕು ವರ್ಷ ಹಿರಿಯದು. ಹಳೆಯ ಲಾರಿಯಿಂದ ಕಿತ್ತು ಕೂರಿಸಿದ್ದು. ಎರಡನೆಯದು, ಕಿಲೋಮೀಟರನ್ನು ನಂಬಬಾರದು. ಕ್ರೇನು ನಡೆಯುವಾಗ ಲಾರಿ ನಿಂತಿರುತ್ತದೆ, ಎಂಜಿನ್ ಮಾತ್ರ ದುಡಿಯುತ್ತಿರುತ್ತದೆ. ಆದ್ದರಿಂದ ಗಂಟೆಗಳ ಲೆಕ್ಕ ನೋಡಬೇಕು. ಮೂರನೆಯದು, ವಿಕ್ಟೋರಿಯಾದಲ್ಲಿ ಕೊಡುವ ರೋಡ್‌ವರ್ದಿ ಪತ್ರ ಲಾರಿ ರಸ್ತೆಗೆ ಯೋಗ್ಯವೆನ್ನುತ್ತದೆ; ಕ್ರೇನು ಎತ್ತಲು ಯೋಗ್ಯವೆನ್ನುವುದಿಲ್ಲ. ಕ್ರೇನಿನ ಯೋಗ್ಯತೆ ತಿಳಿಯುವುದು ಅದರ ಲಾಗ್‌ಬುಕ್ಕಿನಿಂದ, ಹತ್ತು ವರ್ಷಕ್ಕೆ ಆಗಬೇಕಾದ ದೊಡ್ಡ ತಪಾಸಣೆಯ ವರದಿಯಿಂದ. ಕೇಳಿದಾಗ, "ಪುಸ್ತಕ ಎಲ್ಲೋ ಇದೆ, ಅಂಚೆಯಲ್ಲಿ ಕಳಿಸುತ್ತೇನೆ" ಎಂದರು ಮಾರುವವರು.

ಹಣ ಕೊಟ್ಟು ಒಬ್ಬ ಕ್ರೇನ್ ಪರೀಕ್ಷಕರನ್ನು ಕರೆಸಿದ್ದೆ. ಅವರು ತೂಕ ತಿಳಿದ ಸರಕನ್ನು ಎತ್ತಿಸಿ, ಎಂಜಿನ್ ಆರಿಸಿ, ತೋಳು ತಾನಾಗಿ ಇಳಿಯುತ್ತದೆಯೇ ಎಂದು ಹತ್ತು ನಿಮಿಷ ಕಾದು ನೋಡಿದರು. ಕೀಲುಗಳ ಪಿನ್ನು ಸಡಿಲವೇ, ತಿರುಗುವ ಬುಡ ಅಲುಗುತ್ತದೆಯೇ, ಅತಿಭಾರವಾದಾಗ ತಡೆಯುವ ಸಾಧನ ಕೆಲಸ ಮಾಡುತ್ತದೆಯೇ ಎಂದು ಒಂದೊಂದಾಗಿ ಪರೀಕ್ಷಿಸಿದರು. ಕೊನೆಗೆ ಬುಡದ ಬೆಸುಗೆಯ ಬಳಿ ಹೊಸ ಬಣ್ಣವನ್ನು ಕೆರೆದು ತೋರಿಸಿದರು: ಕೂದಲೆಳೆಯಂಥ ಒಂದು ಬಿರುಕು.

ಮಾರುವವರು ಅಲ್ಲಿಯೇ ಎಂಟು ಸಾವಿರ ಡಾಲರ್ ಇಳಿಸಿದರು. ಸುಳ್ಳೇಕೆ ಹೇಳಲಿ, ಮನಸ್ಸು ಆಡಿತು. ರಿಪೇರಿ ಮಾಡಿಸಿದರಾಯಿತು ಎಂದುಕೊಂಡೆ. ಸಾಲಕ್ಕೆಂದು ಮನೆಪತ್ರವನ್ನು ಒತ್ತೆ ಇಡಲು ಆಗಲೇ ಮಾತಾಗಿತ್ತು. ಮರಳಿ ಬರುವ ದಾರಿಯುದ್ದಕ್ಕೂ ಕಣ್ಣಿಗೆ ಕಟ್ಟಿದ್ದು ಆ ಬಿರುಕಲ್ಲ, ಅದರ ಕೆಳಗೆ ನಿಲ್ಲಲಿದ್ದ ಆ ಹುಡುಗ. ಮೊದಲ ಲಾರಿಯಲ್ಲಿ ಕೊಕ್ಕೆಯ ಬಳಿ ನಿಲ್ಲುತ್ತಿದ್ದವನು ನಾನೇ. ಎರಡನೆಯದರಲ್ಲಿ ಇನ್ನೊಬ್ಬರ ಮಗ. ಎರಡನೆಯ ಲಾರಿಗೂ ಮೊದಲನೆಯದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದೇ ಎಲ್ಲ. ಆಲ್ಬರಿ ದಾಟುವಷ್ಟರಲ್ಲಿ ಬೇಡವೆಂದು ನಿಶ್ಚಯಿಸಿದೆ.

ಆರು ತಿಂಗಳ ನಂತರ ಸಿಡ್ನಿಯಲ್ಲೇ ಒಂದನ್ನು ಕೊಂಡೆ. ಬಣ್ಣ ಮಾಸಿತ್ತು, ಬೆಲೆಯೂ ಹೆಚ್ಚು. ಆದರೆ ಮೊದಲ ದಿನದಿಂದ ಬರೆದಿಟ್ಟ ಲಾಗ್‌ಬುಕ್ ಇತ್ತು. ವೇಬ್ರಿಡ್ಜಿನಲ್ಲಿ ಖಾಲಿ ಲಾರಿಯನ್ನು ತೂಗಿಸಿದೆ. ಕ್ರೇನಿನ ತೂಕ ಕಳೆದು ಸರಕಿಗೆ ಉಳಿಯುವುದೆಷ್ಟು, ಮುಂದಿನ ಅಚ್ಚಿನ ಮೇಲೆ ಬೀಳುವ ಭಾರವೆಷ್ಟು ಎಂಬುದು ತಿಳಿಯಬೇಕಷ್ಟೆ. ಕೊಳ್ಳುವ ದಿನವೇ ಎರಡು ಡಾಲರ್ ಕೊಟ್ಟು ಪಿ.ಪಿ.ಎಸ್.ಆರ್. ದಾಖಲೆ ತೆಗೆಸಿದೆ. 2012ರಿಂದ ಇಡೀ ದೇಶಕ್ಕೆ ಒಂದೇ ಆಗಿರುವ ಈ ದಾಖಲೆಯಲ್ಲಿ ಲಾರಿಯ ಮೇಲೆ ಹಿಂದಿನವರ ಸಾಲವಿದೆಯೇ ಎಂಬುದು ಕಾಣುತ್ತದೆ. ನೋಡದೆ ಕೊಂಡರೆ ಸಾಲ ಕೊಟ್ಟವರು ಬಂದು ಲಾರಿಯನ್ನೇ ಒಯ್ಯಬಹುದು. ಜಿ.ಎಸ್.ಟಿ. ಸೇರಿದ ಬೆಲೆಯೋ ಅಲ್ಲವೋ, ಕೊಕ್ಕೆಯಲ್ಲಿ ತೂಗುತ್ತಿರುವ ಸರಕಿಗೂ ವಿಮೆ ಉಂಟೋ ಎಂಬುದನ್ನು ಬಾಯಿಮಾತಿನಲ್ಲಿ ಅಲ್ಲ, ಬರೆಹದಲ್ಲಿ ಪಡೆಯಿರಿ.

ಲಾರಿ ಬಂದ ದಿನ ಆ ಹುಡುಗನಿಗೆ ನಾನು ಹೇಳಿದ ಮಾತು ಎರಡು. ನಮ್ಮ ನ್ಯೂ ಸೌತ್ ವೇಲ್ಸಿನಲ್ಲಿ ಬೀದಿಯ ವಿದ್ಯುತ್ ತಂತಿಗೆ ಕ್ರೇನಿನ ಯಾವ ಭಾಗವಾಗಲಿ, ಸರಕಾಗಲಿ ಮೂರು ಮೀಟರಿಗಿಂತ ಹತ್ತಿರ ಹೋಗಕೂಡದು. ಸಂದೇಹವಿದ್ದರೆ ಕೆಲಸ ಬಿಟ್ಟು ಬಾ, ಬಾಡಿಗೆ ಹೋದರೆ ಹೋಗಲಿ. ಇನ್ನೊಂದು, ಔಟ್‌ರಿಗರ್ ಎಂಬ ಆ ಪಕ್ಕದ ಕಾಲುಗಳ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು. ಕ್ರೇನಿಗೆ ಈ ಗಾದೆ ತಿರುಗುಮುರುಗು. ಕಾಲು ಪೂರ್ತಿ ಚಾಚಲು ಜಾಗವಿಲ್ಲದ ಕಡೆ ಆ ಭಾರ ಎತ್ತಲೇಬಾರದು.

ವ್ಯಾಪಾರಕ್ಕೆ ಮಾತ್ರ ಹಿರಿಯರ ಮಾತೇ ಸರಿ. ಬೆಳೆಯಬೇಡಿ ಎಂದು ನಾನು ಹೇಳುತ್ತಿಲ್ಲ. ನಾನೂ ಬೆಳೆಯಲೆಂದೇ ಈ ದೇಶಕ್ಕೆ ಬಂದವನು. ಆದರೆ ಬೆಳೆಯುವ ಮುನ್ನ, ನಮ್ಮ ಭಾರದ ಕೆಳಗೆ ನಿಲ್ಲುವವರು ಯಾರೆಂದು ಒಮ್ಮೆ ನೋಡಿಕೊಳ್ಳೋಣ. ಅಂದಿನ ಕೂಸು ಈಗ ಶಾಲೆಗೆ ಹೋಗುತ್ತಿದೆ. ಇಂದು ಇಲ್ಲಿಯೇ, ಮುಂದಿನ ಸಾಲಿನಲ್ಲಿ, ತಂದೆಯ ಪಕ್ಕದಲ್ಲಿ ಕುಳಿತಿದೆ.