ದ್ವೀಪದ ಲೆಕ್ಕ, ಮನೆಯ ಲೆಕ್ಕ

(ಬೆಂಗಳೂರಿನ ಉಲ್ಲಾಳದಲ್ಲಿ, ಸುತ್ತಲಿನ ಊರುಗಳ ದಂಪತಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ಸುತ್ತಲೂ ಕಡಲಿರುವ ನಾಡಿನಲ್ಲಿ ನೆಲದ ಮಿತಿ ಕಣ್ಣಿಗೇ ಕಾಣುತ್ತದೆ. ಹಿಂದೂ ಮಹಾಸಾಗರದ ಮಾರಿಷಸ್ ಅಂತಹ ದ್ವೀಪರಾಜ್ಯ. ಅದರ ವಿಸ್ತೀರ್ಣ ಸುಮಾರು 2,040 ಚದರ ಕಿಲೋಮೀಟರು. ನಮ್ಮ ಬೆಂಗಳೂರು ನಗರ ಜಿಲ್ಲೆಯದೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಇಂದು ಸುಮಾರು ಹನ್ನೆರಡೂವರೆ ಲಕ್ಷ ಜನರಿದ್ದಾರೆ. ನಮ್ಮ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ 96 ಲಕ್ಷ ಜನರಿದ್ದರು. ಉದ್ಯೋಗವನ್ನರಸಿ ಬಂದವರದೂ ಇದರಲ್ಲಿ ದೊಡ್ಡ ಪಾಲು. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಈ ಉಲ್ಲಾಳವೇ ಇಂದು ನಗರದೊಳಗೆ ಸೇರಿದೆ.

ಮಾರಿಷಸ್ಸಿನ ಜನರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, 1834ರಿಂದ ಕಬ್ಬಿನ ತೋಟಗಳ ದುಡಿಮೆಗೆಂದು ಹಡಗೇರಿ ಹೋದ ಭಾರತೀಯರ ಸಂತತಿ. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿ ಮಲೇರಿಯಾ ಹತೋಟಿಗೆ ಬಂದು ಸಾವು ತಗ್ಗಿತು, ಹುಟ್ಟು ತಗ್ಗಲಿಲ್ಲ. 1960ರ ಸುಮಾರಿಗೆ ತಾಯಿಯೊಬ್ಬಳಿಗೆ ಸರಾಸರಿ ಆರು ಮಕ್ಕಳು. 1957ರಲ್ಲಿ ಕುಟುಂಬ ಯೋಜನಾ ಸಂಘವೊಂದು ಅಲ್ಲಿ ಸ್ಥಾಪನೆಯಾಯಿತು. ಹೆಣ್ಣುಮಕ್ಕಳು ಶಾಲೆ ಕಲಿತರು. ಮದುವೆಯ ವಯಸ್ಸು ಏರಿತು. ಹಿಂದೂ, ಮುಸಲ್ಮಾನ, ಕ್ರೈಸ್ತ ದಂಪತಿಗಳೆಲ್ಲರೂ ಮನವರಿಕೆಯಿಂದಲೇ ಚಿಕ್ಕ ಸಂಸಾರವನ್ನು ಒಪ್ಪಿದರು. 1980ರ ದಶಕದಲ್ಲಿ ಆ ಸರಾಸರಿ ಎರಡರ ಆಸುಪಾಸಿಗೆ ಇಳಿಯಿತು.

ಈ ಹಾದಿ ನಮಗೂ ಹೊಸದಲ್ಲ. ಮೈಸೂರು ಸರ್ಕಾರವು 1930ರಲ್ಲಿಯೇ ಸಂತಾನ ನಿಯಂತ್ರಣದ ಸಲಹಾ ಚಿಕಿತ್ಸಾಲಯಗಳನ್ನು ತೆರೆಯಲು ಮುಂದಾಗಿತ್ತು. ಇಂದಿನ ಕರ್ನಾಟಕದ ಎಲ್ಲೆಯೊಳಗೆ 1951ರಲ್ಲಿ 1.94 ಕೋಟಿಯಿದ್ದ ಜನಸಂಖ್ಯೆ 2011ಕ್ಕೆ 6.11 ಕೋಟಿಯಾಯಿತು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದಲ್ಲಿ ತಾಯಿಯೊಬ್ಬಳಿಗೆ ಸರಾಸರಿ ಮಕ್ಕಳು 1.7 ಮಾತ್ರ.

ಹಾಗಾದರೆ ಚಿಂತೆ ಮುಗಿಯಿತೇ? ಇಲ್ಲ. ಈಗ ನೋಡಬೇಕಾದುದು ಮಕ್ಕಳೆಷ್ಟು ಎಂಬುದನ್ನಲ್ಲ, ಯಾವಾಗ ಎಂಬುದನ್ನು. ಅದೇ ಸಮೀಕ್ಷೆಯಲ್ಲಿ 20ರಿಂದ 24 ವರ್ಷದ ಹೆಂಗಸರ ಪೈಕಿ ಸುಮಾರು ಐವರಲ್ಲಿ ಒಬ್ಬಳಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಎಳೆಯ ಮೈಗೆ ಬಸಿರು ಅಪಾಯ. ಹೆತ್ತ ತಾಯಿ ಚೇತರಿಸಿಕೊಳ್ಳುವ ಮುನ್ನವೇ ಮತ್ತೆ ಬಸಿರಾದರೆ ತಾಯಿಗೂ ಕೂಸಿಗೂ ಕೇಡು. ಹೆರಿಗೆಯ ನಂತರ ಮುಂದಿನ ಬಸಿರಿಗೆ ಎರಡು ವರ್ಷವಾದರೂ ಅಂತರವಿರಲಿ. ಇದಕ್ಕಾಗಿ ವಂಕಿ, ಗುಳಿಗೆ, ಚುಚ್ಚುಮದ್ದು, ನಿರೋಧ್ ಇವುಗಳ ಬಗ್ಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೇಳಿ, ನಿಮಗೆ ಒಗ್ಗುವುದನ್ನು ಆರಿಸಿಕೊಳ್ಳಿರಿ.

ಸೋದರರಿಗೆ ಒಂದು ಮಾತು. ಮಕ್ಕಳು ಸಾಕೆನಿಸಿದಾಗ ಶಸ್ತ್ರಚಿಕಿತ್ಸೆಯ ಭಾರವನ್ನು ನಮ್ಮ ನಾಡಿನಲ್ಲಿ ಬಹುಪಾಲು ಹೆಂಡತಿಯೇ ಹೊರುತ್ತಿದ್ದಾಳೆ. ಗಂಡಸಿನ ಶಸ್ತ್ರಚಿಕಿತ್ಸೆ ಅದಕ್ಕಿಂತ ಸರಳ. ಅದರಿಂದ ದುಡಿಯುವ ಶಕ್ತಿಯಾಗಲಿ ಪುರುಷತ್ವವಾಗಲಿ ಕುಂದುವುದಿಲ್ಲ. ಆದರೆ ಫಲ ಕೂಡಲೇ ದೊರೆಯದು. ಮೂರು ತಿಂಗಳು ನಿರೋಧ್ ಬಳಸಿ, ಅನಂತರ ಪರೀಕ್ಷೆ ಮಾಡಿಸಬೇಕು.

ದ್ವೀಪದ ಜನ ಕಡಲನ್ನು ಹಿಂದಕ್ಕೆ ತಳ್ಳಲಿಲ್ಲ. ಮನೆಯೊಳಗೆ ಕುಳಿತು ಇಬ್ಬರೂ ವಿಚಾರ ಮಾಡಿದರು. ನೀವೂ ಹಾಗೆಯೇ ಮಾಡಿರಿ. ಮಗಳನ್ನು ಶಾಲೆ ಬಿಡಿಸಬೇಡಿರಿ.