ಕುರ್ಚಿಯ ಜಗಳದಲ್ಲಿ ಕೂಲಿಯ ಮಾತು ಮರೆಯಿತು

(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಮಾಲೀಕರೊಡನೆ ಮಾತುಕತೆ ನಿಂತುಹೋದಾಗ ನಾವು ಮಾಡುವ ಮೊದಲ ತಪ್ಪು ಯಾವುದು? ನಮ್ಮ ನಮ್ಮೊಳಗೇ ಜಗಳ ಹೂಡುವುದು. ಇದರ ಫಲವೇನೆಂಬುದನ್ನು ಮುಂಬಯಿಯ ಬಟ್ಟೆ ಗಿರಣಿಗಳಿಂದ ಕಲಿಯೋಣ.

1946ರ ಬಾಂಬೆ ಕೈಗಾರಿಕಾ ಸಂಬಂಧಗಳ ಕಾಯಿದೆಯಲ್ಲಿ ಒಂದು ಪ್ರದೇಶದ ಒಂದು ಉದ್ಯಮಕ್ಕೆ ಒಂದೇ ಪ್ರಾತಿನಿಧಿಕ ಸಂಘ. ಎಲ್ಲರ ಪರವಾಗಿ ಒಪ್ಪಂದಕ್ಕೆ ರುಜು ಹಾಕುವ ಹಕ್ಕು ಅದಕ್ಕೇ. ಮುಂಬಯಿಯಲ್ಲಿ ಆ ಸ್ಥಾನ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘದ್ದು. ಸದಸ್ಯರ ಲೆಕ್ಕ ನೋಡಿ ಆ ಸ್ಥಾನ ಕೊಡುತ್ತಿದ್ದರೇ ಹೊರತು ಕಾರ್ಮಿಕರ ಗುಪ್ತಮತ ಕೇಳುತ್ತಿರಲಿಲ್ಲ.

1981ರ ದೀಪಾವಳಿ ಬೋನಸ್ ಒಪ್ಪಂದ ಕಾರ್ಮಿಕರಿಗೆ ಹಿಡಿಸಲಿಲ್ಲ. ಅವರು ಡಾ. ದತ್ತಾ ಸಾಮಂತರ ಬಳಿಗೆ ಹೋದರು. 1982ರ ಜನವರಿ 18ರಿಂದ ಸುಮಾರು ಎರಡೂವರೆ ಲಕ್ಷ ಜನ ಕೆಲಸ ನಿಲ್ಲಿಸಿದರು. ಹೆಚ್ಚಿನ ಸಂಬಳ, ಬದಲಿ ಕಾರ್ಮಿಕರಿಗೆ ಖಾಯಂ ಕೆಲಸ, ಜೊತೆಗೆ ಆ ಕಾಯಿದೆಯ ರದ್ದತಿ, ಇವು ಬೇಡಿಕೆಗಳು. ಮಾಲೀಕರಿಗೆ ಉತ್ತರ ಸಿದ್ಧವಾಗಿತ್ತು: ಕಾನೂನು ಒಪ್ಪಿದ ಸಂಘದೊಡನೆ ಮಾತ್ರ ಮಾತು. ಕಾರ್ಮಿಕರು ಒಪ್ಪಿದ ನಾಯಕರಿಗೆ ಕುರ್ಚಿಯಿಲ್ಲ. ಕುರ್ಚಿಯಿದ್ದವರ ಹಿಂದೆ ಕಾರ್ಮಿಕರಿಲ್ಲ!

ವರ್ಷ ಕಳೆದರೂ ಒಪ್ಪಂದವಾಗಲಿಲ್ಲ. ಅನೇಕರು ಹೊಟ್ಟೆಪಾಡಿಗೆ ತಮ್ಮ ಹಳ್ಳಿಗಳಿಗೆ ಹೋದರು. ಸಾವಿರಾರು ಜನರ ಕೆಲಸ ಮರಳಿ ಬರಲೇ ಇಲ್ಲ. ಯಂತ್ರಗಳು ಹಳತಾಗಿದ್ದವು, ಪವರ್‌ಲೂಮಿನ ಪೈಪೋಟಿಯೂ ಇತ್ತು. ಎಲ್ಲ ಹೊಣೆಯನ್ನೂ ಸಂಘಗಳ ಜಗಳದ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಮಾಲೀಕರಿಗೆ ಕಾಯುವ ಶಕ್ತಿಯಿತ್ತು, ನಮ್ಮವರಿಗಿರಲಿಲ್ಲ.

ಇಂದು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ನೂರಕ್ಕೆ 51 ಕಾರ್ಮಿಕರ ಬೆಂಬಲವುಳ್ಳ ಸಂಘಕ್ಕೆ ಮಾತುಕತೆಯ ಹಕ್ಕು ಕೊಡುತ್ತದೆ. ಯಾವ ಸಂಘಕ್ಕೂ ಅಷ್ಟು ಬಲವಿಲ್ಲದಿದ್ದರೆ ಸಂಘಗಳು ಕೂಡಿದ ಮಂಡಳಿ. ಅಂದರೆ ನಾವು ಹರಿದು ಹಂಚಿಹೋದಷ್ಟೂ ನಮ್ಮ ಮಾತಿಗೆ ತೂಕ ಕಡಿಮೆ.

ಕೋರ್ಟಿಗೆ ಹೋಗಲೇಬಾರದೆಂದು ನಾವು ಹೇಳುವುದಿಲ್ಲ. ಆದರೆ ಕಾರ್ಮಿಕರ ಚಂದಾ ಹಣ ಕಾರ್ಮಿಕರ ಮೇಲೆಯೇ ವಕೀಲರನ್ನು ನಿಲ್ಲಿಸಲು ಖರ್ಚಾಗಬಾರದು. ಮೊದಲು ಗೇಟಿನ ಮುಂದೆ ಗುಪ್ತಮತದಾನ ನಡೆಯಲಿ. ಸೋತವರು ಗೆದ್ದವರ ಜೊತೆ ನಿಲ್ಲಲಿ. ಗೆದ್ದವರು ಲೆಕ್ಕಪತ್ರವನ್ನು ಎಲ್ಲರ ಮುಂದಿಡಲಿ. ಒಪ್ಪಂದದ ಕರಡನ್ನು ರುಜುವಿಗೆ ಮೊದಲು ಸಭೆಯಲ್ಲಿ ಓದಲಿ.

ಅಂಗಡಿಯ ಮಿತ್ರರೇ, ಗಿರಣಿಯ ಸಂಬಳ ನಿಂತರೆ ನಿಮ್ಮ ಉದ್ರಿ ಪುಸ್ತಕವೂ ತುಂಬುತ್ತದೆ. ಇದು ನಿಮ್ಮ ಪ್ರಶ್ನೆಯೂ ಹೌದು.

ಕುರ್ಚಿ ಯಾರದೆಂಬುದನ್ನು ನಾವೇ ಒಂದು ದಿನದಲ್ಲಿ ತೀರ್ಮಾನಿಸೋಣ. ಉಳಿದ ದಿನಗಳು ಕೂಲಿಯ ಹೋರಾಟಕ್ಕಿರಲಿ.