ಶಿಶುವಿನ ಮನಸ್ಸೂ ಸಾಕುವವರ ಮಡಿಲೂ



ವೀರಶೈವ ಸಂಪ್ರದಾಯದಲ್ಲಿ ಗರ್ಭಸ್ಥ ಶಿಶುವಿಗೂ ಲಿಂಗಸಂಸ್ಕಾರವು ವಿಹಿತವಾಗಿರುವುದು. ಹೀಗಿದ್ದೂ, ‘ಮಾತು ಬಾರದ ಕೂಸಿಗೇನು ತಿಳಿದೀತು’ ಎಂಬ ಉದಾಸೀನವು ಭಕ್ತರ ಮನೆಗಳಲ್ಲಿಯೂ ಉಂಟು.

ಹುಟ್ಟಿದ ಕೂಸಿನ ಮೆದುಳು ತೂಕದಲ್ಲಿ ಬೆಳೆದವರ ಮೆದುಳಿನ ಸುಮಾರು ಕಾಲುಭಾಗದಷ್ಟು; 2 ವರ್ಷ ತುಂಬುವಷ್ಟರಲ್ಲಿ ಅದು ಮುಕ್ಕಾಲು ಭಾಗವನ್ನು ಮುಟ್ಟುವುದು. ಕಂಡ ಮುಖ, ಕೇಳಿದ ಜೋಗುಳ, ಪಡೆದ ಸ್ಪರ್ಶ ಇವುಗಳಿಂದಲೇ ಆಗ ನರತಂತುಗಳ ಹೆಣಿಗೆಯು ಬಲಿಯುವುದು. ಅತ್ತಾಗ ಎತ್ತಿಕೊಳ್ಳುವವರಿದ್ದರೆ ಕೂಸಿಗೆ ಲೋಕದಲ್ಲಿ ನೆಚ್ಚಿಕೆ ಹುಟ್ಟುವುದು. ಯಾರೂ ಬಾರದೆ ಭಯವು ದಿನದಿನವೂ ಮುಂದುವರಿದರೆ ಕಾರ್ಟಿಸಾಲ್ ಎಂಬ ದೇಹರಸವು ಮಿತಿಮೀರಿ, ನೆನಪು ಕಲಿಕೆಗಳ ನೆಲೆಗೇ ಕುಂದು ತರಬಲ್ಲದು. ಗಳಿಗೆಯ ಅಳುವಿಗೆ ಈ ಮಾತು ಸಲ್ಲದು, ತಾಯಂದಿರು ಅಂಜಬೇಕಾದುದಿಲ್ಲ.

ಆಂಗ್ಲ ವೈದ್ಯನಾದ ಜಾನ್ ಬೌಲ್ಬಿಯು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ, ತಾಯಿಯ ಇಲ್ಲವೆ ತಾಯಿಯ ಸ್ಥಾನದಲ್ಲಿ ಸ್ಥಿರವಾಗಿ ನಿಂತವರ ಎಡೆಬಿಡದ ಒಲುಮೆಯು ಶಿಶುವಿಗೆ ಅವಶ್ಯವೆಂದನು. ಈ ಎರಡನೆಯ ಮಾತೇ ಕನ್ನೊಳ್ಳಿಯ ಸುತ್ತಣ ಸೀಮೆಗೆ ಮುಖ್ಯವಾದುದು. ಮಳೆ ಕೈಕೊಟ್ಟ ವರ್ಷ ಸಿಂದಗಿ, ಇಂಡಿಗಳ ಕಡೆಯಿಂದ ಗೋವೆಗೂ ಮಹಾರಾಷ್ಟ್ರಕ್ಕೂ ಗುಳೆ ಹೋಗುವವರುಂಟು. ಕೂಸನ್ನು ಅಜ್ಜಿಯಲ್ಲಿ ಬಿಟ್ಟುಹೋದ ತಾಯಿಯನ್ನು ನಿಂದಿಸುವುದು ಅನ್ಯಾಯವು. ಹೊಟ್ಟೆಯ ಕಷ್ಟವನ್ನು ಉಂಡವರೇ ಬಲ್ಲರು. ಆದರೆ ತಿಂಗಳಿಗೊಂದು ಮನೆಯಂತೆ ಕೂಸನ್ನು ಹಂಚಲಾಗದು; ಒಬ್ಬಳೇ ಅಜ್ಜಿಯ ಕೈಯಲ್ಲಿ ಅದು ಬೆಳೆಯಲಿ. ಗುಮ್ಮನ ಹೆಸರಿನಿಂದ ಅದರ ಬಾಯಿ ಮುಚ್ಚಿಸುವುದೂ ನಿಲ್ಲಲಿ.

ಜಾತ್ರೆಗೆಂದು ಮರಳಿದ ತಾಯಿಯನ್ನು ಕಂಡು ಕೂಸು ಹಿಂಜರಿದು ಅಜ್ಜಿಯ ಸೆರಗನ್ನು ಹಿಡಿದರೆ, ಅದು ತಾಯಿಯ ಮೇಲಣ ಮುನಿಸಲ್ಲ. ಅಜ್ಜಿಯ ಸಾಕಣೆಯು ಫಲಿಸಿದ ಗುರುತು. ತಾಯಿಯು ಅದನ್ನು ಕಿತ್ತುಕೊಳ್ಳದೆ, ಅಜ್ಜಿಯ ಪಕ್ಕದಲ್ಲಿಯೇ ಕುಳಿತು, ಕೆಲವು ದಿನ ತುತ್ತುಣಿಸಿ ಒಗ್ಗಿಸಿಕೊಳ್ಳತಕ್ಕದ್ದು.